ಹಾಳಾದ್ದು, ಒಂಥರಾ, ಕಾಲೆಳೆಯೋದು: ಬ್ರಿಟಿಷ್ ಸ್ಲ್ಯಾಂಗ್ ಕಲಿಸಲು ನಾನು ಹಿಡಿದ ದಾರಿ

ಬ್ರಿಟಿಷ್ ಆಡುಮಾತನ್ನು ಕನ್ನಡದ ಆಡುಮಾತಿನ ಮೂಲಕವೇ ಕಲಿಸಬೇಕು. ಇಂಗ್ಲಿಷಿನಲ್ಲೇ ಅರ್ಥ ಹೇಳಿಕೊಟ್ಟರೆ ಅದು ನೋಟ್‌ಬುಕ್ಕಿಗೆ ಇಳಿಯುತ್ತದೆ, ಕಿವಿಗೂ ಇಳಿಯಲ್ಲ, ನಾಲಿಗೆಗೂ ಇಳಿಯಲ್ಲ. ಈ ಮಾತು ಹೇಳಿದಾಗ ನಮ್ಮ ಲೈನಿನವರು, ಅಂದರೆ ಇಂಗ್ಲಿಷ್ ಟ್ರೈನರ್‌ಗಳು, ನಕ್ಕಿದ್ದೇ ಜಾಸ್ತಿ. ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ಫೈನ್ ಅನ್ನುವ ಪದ್ಧತಿಯಲ್ಲಿ ಬೆಳೆದವರು ನಾವು. ಬೋರ್ಡಿನ ಮೇಲೆ ದೊಡ್ಡದಾಗಿ 'ಹಾಳಾದ್ದು' ಅಂತ ಬರೆದು ಪಾಠ ಶುರು ಮಾಡುವವನನ್ನು ಯಾರು ನಂಬುತ್ತಾರೆ? ಈಗ ಕೆಲವು ವರ್ಷಗಳಿಂದ ಯುಕೆಗೆ ಹೊರಟ ನರ್ಸ್‌ಗಳ ಬ್ಯಾಚು, ಬೆಂಗಳೂರಿನ ಯುಕೆ ಪ್ರೋಸೆಸ್ (ಬ್ರಿಟನ್ ಗ್ರಾಹಕರ ಕಾಲ್ ಸೆಂಟರ್) ಬ್ಯಾಚು ಎರಡರಲ್ಲೂ ಇದೇ ನಡೆಯುತ್ತಿದೆ. ನಕ್ಕವರಲ್ಲಿ ಒಬ್ಬಿಬ್ಬರು ನನ್ನ ಹಳೇ ಹ್ಯಾಂಡ್‌ಔಟನ್ನೇ ಜೆರಾಕ್ಸ್ ಮಾಡಿ ಪಾಠ ಮಾಡುತ್ತಿದ್ದಾರೆ ಅಂತಲೂ ಕಿವಿಗೆ ಬಿದ್ದಿದೆ. ಸಂತೋಷ. ಆದರೆ ಆ ಹ್ಯಾಂಡ್‌ಔಟ್ ಹಳತಾಯಿತು, ಹೊಸದು ಇಲ್ಲಿದೆ. ಒಇಟಿ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗಳ ಸ್ಕೋರು, ಅಡಾಸಿಟಿ ಸಾಫ್ಟ್‌ವೇರಿನಲ್ಲಿ ಆಡಿಯೋ ಕ್ಲಿಪ್ ಕತ್ತರಿಸುವುದು ಇವೆಲ್ಲ ನಿಮಗೆ ಗೊತ್ತಿರುವುದೇ, ಅದಕ್ಕೆ ಹೋಗುವುದಿಲ್ಲ.

ಮೊದಲು ಯಾವುದು ಕೈ ಕೊಟ್ಟಿತು ಅನ್ನುವುದು. ಎಲ್ಲರೂ ಮಾಡುವ ಪಟ್ಟಿ ವಿಧಾನ: ಎ ಇಂದ ಝಡ್‌ವರೆಗೆ ಮುನ್ನೂರು ಪದ, ಪಕ್ಕದಲ್ಲಿ ಅರ್ಥ, ಶನಿವಾರ ಟೆಸ್ಟು. ಕಾಗದದ ಮೇಲೆ ಎಲ್ಲರಿಗೂ ಎಂಬತ್ತರ ಮೇಲೆ ಮಾರ್ಕ್ಸ್. ಅವೇ ಪದಗಳನ್ನು ಆಡಿಯೋದಲ್ಲಿ ಹಾಕಿದರೆ ನಲವತ್ತು ಕ್ಲಿಪ್ಪಿಗೆ ಹತ್ತೋ ಹನ್ನೊಂದೋ ಸರಿ. ಇದಕ್ಕೆ ಕಾರಣ ಮೂರು. ಒಂದು, ಬರೆದ ಪದಕ್ಕೂ ಬಾಯಿಂದ ಬರುವ ಸದ್ದಿಗೂ ಸಂಬಂಧವೇ ಇರುವುದಿಲ್ಲ. ಎರಡು, ಪಟ್ಟಿಯಲ್ಲಿ ಎಲ್ಲ ಪದಕ್ಕೂ ಒಂದೇ ತೂಕ; ಅಜ್ಜಿ ಮುಂದೆ ಹೇಳುವಂಥದ್ದು, ಹೇಳಿದರೆ ಕೆಲಸ ಹೋಗುವಂಥದ್ದು ಅಕ್ಕಪಕ್ಕ ಕೂತಿರುತ್ತವೆ. ಮೂರು, ಪಟ್ಟಿಯ ಅರ್ಧ ಸತ್ತ ಪದಗಳು. ಜೋರು ಮಳೆಗೆ 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' ಅಂತ ನಮ್ಮ ಹೈಸ್ಕೂಲ್ ಮೇಷ್ಟ್ರು ಹೇಳುತ್ತಾರೆ; ಅಲ್ಲಿಯವರು ಹೇಳುವುದು 'ಇಟ್ಸ್ ಚಕಿಂಗ್ ಇಟ್ ಡೌನ್', 'ಟಿಪ್ಪಿಂಗ್ ಡೌನ್', ಗೆಳೆಯರ ನಡುವೆ 'ಪಿಸ್ಸಿಂಗ್ ಡೌನ್'. 'ಓಲ್ಡ್ ಚ್ಯಾಪ್' ಅಂದರೆ ವೇಷ ಹಾಕಿದ್ದೀರಾ ಅನ್ನುವ ಹಾಗೆ ನೋಡುತ್ತಾರೆ.

ಇನ್ನೊಂದು ದುಬಾರಿ ದಾರಿ ವಾಯ್ಸ್ ಆರ್ಟಿಸ್ಟ್. ಸ್ಕ್ರಿಪ್ಟ್ ಬರೆದು ಸ್ಟುಡಿಯೋದಲ್ಲಿ ಓದಿಸಿದ್ದಕ್ಕೆ ಎಡಿಟಿಂಗ್ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು, ಒಂದು ಬ್ಯಾಚಿನ ಫೀಸಿನ ಅರ್ಧ. ಅಷ್ಟೂ ನೀರಿಗೆ ಹಾಕಿದಂತೆ. ಸ್ಲ್ಯಾಂಗನ್ನು ಓದಿದರೆ ಅದು ನಾಟಕವಾಗುತ್ತದೆ, ಒಂದೊಂದು ಪದವೂ ಎದ್ದು ನಿಲ್ಲುತ್ತದೆ. ನಿಜದಲ್ಲಿ ಆ ಪದ ವಾಕ್ಯದ ನಡುವೆ ಕರಗಿ ಹೋಗಿರುತ್ತದೆ. ಈಗ ಮಾಡುವುದು ಇಷ್ಟೇ: ಅಲ್ಲಿಯ ಸಾಮಾನ್ಯ ಜನರಿಗೆ, ನಿವೃತ್ತರಿಗೆ, ವಿದ್ಯಾರ್ಥಿಗಳಿಗೆ ಅರ್ಧ ಗಂಟೆಗೆ ಹದಿನೈದು ಪೌಂಡ್ ಕೊಟ್ಟು ವಿಡಿಯೋ ಕಾಲಿನಲ್ಲಿ ಮಾತಾಡಿಸುವುದು, ಅವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಂಡು ರೆಕಾರ್ಡ್ ಮಾಡುವುದು. ಏನನ್ನೂ ಓದಿಸಬೇಡಿ. ಗೊಣಗಲು ಬಿಡಿ. ಬಸ್ಸು ತಡ, ಪಕ್ಕದ ಮನೆಯವನ ಕಸದ ಡಬ್ಬಿ, ಮಳೆ, ಪಾರ್ಕಿಂಗ್. ಗೊಣಗುವಾಗ ಬರುವಷ್ಟು ಸ್ಲ್ಯಾಂಗ್ ಬೇರೆ ಯಾವಾಗಲೂ ಬರಲ್ಲ. ಅರ್ಧ ಗಂಟೆಯಲ್ಲಿ ಹದಿನೈದಿಪ್ಪತ್ತು ಒಳ್ಳೆಯ ಕ್ಲಿಪ್ಪು ಸಿಗುತ್ತವೆ. ಅವರ ಬಾಯಿ ಬಿಡಿಸಲು ನಾನು ಕೇಳುವ ಮೊದಲ ಪ್ರಶ್ನೆ ಒಂದಿದೆ; ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ. ನರ್ಸ್‌ಗಳು ಅಲ್ಲಿಂದ 'ವಾರ್ಡಿನಲ್ಲೇ ರೆಕಾರ್ಡ್ ಮಾಡಿ ಕಳಿಸಲಾ' ಅಂತ ಕೇಳುತ್ತಾರೆ. ಬೇಡವೇ ಬೇಡ. ರೋಗಿಯ ದನಿ ಫೋನಿನಲ್ಲಿ ಸಿಕ್ಕಿದರೆ ರಿಜಿಸ್ಟ್ರೇಷನ್ನಿಗೇ ಕುತ್ತು.

ಇನ್ನು ವಿಧಾನ. ಮೊದಲ ಕೆಲಸ ಜೋಡಿ ಹುಡುಕುವುದು. ಅರ್ಥ ಹೊಂದಿದರೆ ಸಾಲದು, ಅದೇ ಜಾಗದಲ್ಲಿ, ಅದೇ ಮೂಡಿನಲ್ಲಿ ನಾವು ಏನು ಹೇಳುತ್ತೇವೆ ಅನ್ನುವುದು ಬೇಕು. 'ಬ್ಲಡಿ ಬಸ್' ಅಂದರೆ 'ಹಾಳಾದ್ ಬಸ್ಸು'. ರಕ್ತದ ಪ್ರಶ್ನೆಯೇ ಇಲ್ಲ. 'ಟೇಕಿಂಗ್ ದ ಮಿಕ್ಕಿ' ಅಂದರೆ ಕಾಲೆಳೆಯೋದು. 'ಟೆಲ್ಲಿಂಗ್ ಪೋರ್ಕೀಸ್' ಅಂದರೆ ಕಾಗೆ ಹಾರಿಸೋದು. 'ಪುಲ್ ದಿ ಅದರ್ ಒನ್' ಅಂದರೆ 'ಸಾಕು, ರೈಲು ಬಿಡಬೇಡ'. 'ಕಾಕ್ ಅಪ್' ಅಂದರೆ ಎಡವಟ್ಟು. 'ಗಿವಿಂಗ್ ಲಿಪ್' ಅಂದರೆ ಗಾಂಚಾಲಿ. 'ಕಿಕಿಂಗ್ ಆಫ್' ಅಂದರೆ ಕಿರಿಕ್ಕು. 'ಡನ್ ಅಪ್ ಲೈಕ್ ಎ ಕಿಪ್ಪರ್' ಅಂದರೆ ಟೋಪಿ ಬಿತ್ತು. 'ಪಾಪ್ಡ್ ಹಿಸ್ ಕ್ಲಾಗ್ಸ್' ಅಂದರೆ ಟಿಕೆಟ್ ತಗೊಂಡ. 'ಬ್ಯಾಂಗರ್' ಅಂದರೆ ಡಕೋಟಾ ಗಾಡಿ. ಸುಮ್ಮನೆ ಎಲ್ಲದಕ್ಕೂ ತಗುಲಿಸುವ 'ಇನ್ನಿಟ್' ಅಂದರೆ ನಮ್ಮ 'ಅಲ್ವಾ', ಅದೂ ಲಿಂಗ ವಚನ ಕಾಲ ಯಾವುದನ್ನೂ ನೋಡುವುದಿಲ್ಲ. 'ಬಾಲಕ್ಸ್' ಒಂದು ಕುಟುಂಬ: ಬರೀ 'ಬಾಲಕ್ಸ್' ಬೊಗಳೆ; 'ದ ಡಾಗ್ಸ್ ಬಾಲಕ್ಸ್' ಚಿಂದಿ, ಅಂದರೆ ಹೊಗಳಿಕೆ; 'ಗಾಟ್ ಎ ಬಾಲಕಿಂಗ್' ಅಂದರೆ ಮಂಗಳಾರತಿ ಆಯ್ತು. ಈ ಮೂರನ್ನು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಪೀರಿಯಡ್ ಬೇಕು. ಮಂಗಳಾರತಿ ಅಂದ ತಕ್ಷಣ ಕ್ಲಾಸು ನಗುತ್ತದೆ, ನಕ್ಕ ಮೇಲೆ ಮರೆಯುವುದಿಲ್ಲ.

ಜೋಡಿ ಸಿಗದ ಪದಗಳೂ ಇವೆ. 'ಫ್ಯಾಫ್' ಇದೆ ನೋಡಿ, ಸಣ್ಣ ಕೆಲಸಕ್ಕೆ ಅನಗತ್ಯ ತಾಪತ್ರಯ. 'ಅದೊಂದು ರಗಳೆ' ಅನ್ನುವುದು ಹತ್ತಿರ ಬರುತ್ತದೆ, ಪೂರ್ತಿ ಕೂಡುವುದಿಲ್ಲ. ಅಂಥವನ್ನು ಬಲವಂತವಾಗಿ ಜೋಡಿಸಬೇಡಿ, ಮೂರು ಕ್ಲಿಪ್ ಕೇಳಿಸಿ ಬಿಟ್ಟುಬಿಡಿ. 'ಚೀಕಿ' ಇನ್ನೂ ಜಾರುವ ಪದ. ಮಗುವಿಗೆ 'ಚೀಕಿ ಮಂಕಿ' ಅಂದರೆ ತುಂಟ. 'ಬ್ಲಡಿ ಚೀಕ್' ಅಂದರೆ 'ಎಷ್ಟು ಕೊಬ್ಬು ನೋಡು'. 'ಎ ಚೀಕಿ ಪಿಂಟ್' ಅಂದರೆ ಮನೆಗೆ ಹೋಗುವ ದಾರಿಯಲ್ಲಿ ಕದ್ದುಮುಚ್ಚಿ ಅನ್ನುವ ಹಾಗೆ ಒಂದೇ ಒಂದು ಹಾಕೋದು. ಈ ಮೂರನ್ನು ಮೂರು ಬೇರೆ ಪದಗಳಾಗಿಯೇ ಕಲಿಸಿ.

ಜೋಡಿ ಆದ ಮೇಲೆ ತೂಕ. ಪದಗಳನ್ನು ಮೂರು ಗುಂಪು ಮಾಡಿ ಹೆಸರಿಟ್ಟಿದ್ದೇನೆ: ಜಗಲಿ, ಕಟ್ಟೆ, ಬೀಗ. ಜಗಲಿ ಅಂದರೆ ಹಿರಿಯರ ಮುಂದೆಯೂ ನಡೆಯುತ್ತದೆ: ಚಿಯರ್ಸ್, ಟಾ (ಎರಡೂ ಥ್ಯಾಂಕ್ಸ್), ಕಪ್ಪಾ (ಚಹಾ), ಚಫ್ಡ್ (ಖುಷಿಯಾದ), ಗಟೆಡ್ (ತುಂಬಾ ಬೇಜಾರಾದ), ಗಾಬ್‌ಸ್ಮ್ಯಾಕ್ಡ್ (ದಂಗಾದ), ಡಾಜಿ (ನಂಬಲಾಗದ), ಸ್ಕಿಂಟ್ (ಕೈಯಲ್ಲಿ ಕಾಸಿಲ್ಲದ). ಕಟ್ಟೆ ಅಂದರೆ ಗೆಳೆಯರ ನಡುವೆ ಮಾತ್ರ: ಬ್ಲಡಿ, ಸಾಡ್ ಆಫ್ (ತೊಲಗು), ಗಿಟ್ (ದರಿದ್ರದವನು), ಆರ್ಸ್ (ಕುಂಡಿ), ಬಾಲಕ್ಸ್. ಬೀಗ ಅಂದರೆ ಕೇಳಿದರೆ ಗೊತ್ತಾಗಬೇಕು, ಬಾಯಿಗೆ ಬರಕೂಡದು: ಟ್ವ್ಯಾಟ್, ಬೆಲೆಂಡ್, ಮತ್ತೆ ಇನ್ನೊಂದಷ್ಟು. ಈ ತೂಕ ನನ್ನ ಅಂದಾಜಲ್ಲ. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ ಜನರನ್ನೇ ಕೇಳಿ ಬೈಗುಳಗಳನ್ನು ಸೌಮ್ಯ, ಮಧ್ಯಮ, ಗಟ್ಟಿ, ಅತಿ ಗಟ್ಟಿ ಅಂತ 2016ರಲ್ಲಿ ವಿಂಗಡಿಸಿತ್ತು. 2016ರ ವರದಿಯಲ್ಲಿ ಬ್ಲಡಿ, ಗಿಟ್, ಸಾಡ್ ಆಫ್ ಸೌಮ್ಯ, ಬಾಲಕ್ಸ್ ಮಧ್ಯಮ, ಟ್ವ್ಯಾಟ್, ಬೆಲೆಂಡ್ ಗಟ್ಟಿ. 2021ರಲ್ಲಿ ಮತ್ತೆ ಇಂಥದ್ದೇ ವರದಿ ಬಂತು. ಪುಕ್ಕಟೆ ಸಿಗುತ್ತದೆ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ. ಸ್ಲ್ಯಾಂಗ್ ಡಿಕ್ಷನರಿಗಳಿಗೆ ಸುರಿದ ಮೂರ್ನಾಲ್ಕು ಸಾವಿರಕ್ಕಿಂತ ಅದೇ ಹೆಚ್ಚು ಉಪಯೋಗಕ್ಕೆ ಬಂತು.

ತೂಕದಲ್ಲಿ ನಮ್ಮವರು ಎಡವುವ ಜಾಗಗಳು ಖಾಯಂ. ನಮ್ಮಲ್ಲಿ 'ಬ್ಲಡಿ ಫೂಲ್' ಅಂದರೆ ಸಾಹೇಬರು ನಿಜವಾಗಿಯೂ ಬೈದರು ಅಂತ. ಅಲ್ಲಿ ಬ್ಲಡಿ ಹಗುರ. 'ಲಕ್ಕಿ ಬಾಸ್ಟರ್ಡ್' ಕೇಳಿ ನಮ್ಮ ಹುಡುಗರ ಮುಖ ಕೆಂಪಾಗುತ್ತದೆ, ಅದು 'ಪುಣ್ಯ ಮಾಡಿದ್ದ ನನ್ಮಗ' ಅಷ್ಟೇ, ಅದರಲ್ಲಿ ಪ್ರೀತಿಯೂ ಇರಬಹುದು. ಉಲ್ಟಾ ಕೂಡ ಇದೆ. ಅಮೆರಿಕದ ಸಿನಿಮಾ ನೋಡಿ ಕಲಿತವರು ಸೊಂಟಕ್ಕೆ ಕಟ್ಟುವ ಚೀಲಕ್ಕೆ 'ಫ್ಯಾನಿ ಪ್ಯಾಕ್' ಅನ್ನುತ್ತಾರೆ; ಬ್ರಿಟನ್ನಿನಲ್ಲಿ ಫ್ಯಾನಿ ಹೆಂಗಸರ ಗುಪ್ತಾಂಗ, ಚೀಲಕ್ಕೆ 'ಬಮ್ ಬ್ಯಾಗ್'. 'ಪ್ಯಾಂಟ್ಸ್' ಒಳಚಡ್ಡಿ, ಹೊರಗಿನದು 'ಟ್ರೌಸರ್ಸ್'. 'ಪಿಸ್ಡ್' ಅಂದರೆ ಟೈಟಾಗಿದ್ದಾನೆ. ಸಿಟ್ಟು ಬಂದಿದೆ ಅನ್ನಲು 'ಆಫ್' ಸೇರಿಸಲೇಬೇಕು. ಎಲ್ಲಕ್ಕಿಂತ ಮುಖ್ಯ, ಕ್ರಿಕೆಟ್ ನೋಡುವಾಗ ನಮ್ಮವರು ಸಲೀಸಾಗಿ ಹೇಳುವ 'ಪಾಕಿ'. ನಮಗದು ಪಾಕಿಸ್ತಾನದ ಗಿಡ್ಡ ರೂಪ. ಅಲ್ಲಿ ಅದು ದಕ್ಷಿಣ ಏಷ್ಯಾದವರೆಲ್ಲರ ಮೇಲೆ ದಶಕಗಟ್ಟಲೆ ಎಸೆದ ಜನಾಂಗೀಯ ಬೈಗುಳ, ಆಫ್‌ಕಾಮ್ 2016ರ ಪಟ್ಟಿಯಲ್ಲಿ ಅತಿ ಗಟ್ಟಿ. ಕಂದು ಬಣ್ಣದವರು ಹೇಳಿದರೂ ರಿಯಾಯಿತಿ ಇಲ್ಲ. ಮೊದಲ ದಿನವೇ ಬೀಗದ ಗುಂಪಿಗೆ ಹಾಕಿ.

ಮೂರನೆಯದು ಕಿವಿ, ಹೆಚ್ಚು ಸಮಯ ಹಿಡಿಯುವ ಭಾಗ. 'ಟ' ನುಂಗುವುದನ್ನು ಹೇಗೆ ಕಲಿಸುವುದು ಅಂತ ಎಷ್ಟೋ ಟ್ರೈನರ್‌ಗಳು ತಲೆ ಕೆಡಿಸಿಕೊಳ್ಳುತ್ತಾರೆ, ಗಂಟಲಿನ ಚಿತ್ರ ತೋರಿಸುತ್ತಾರೆ. ಬೇಡ. ಬೇಡ ಅನ್ನಲು ಬಾಯಿ ಮುಚ್ಚಿಕೊಂಡೇ ನಾವು 'ಉಂ-ಉಂ' ಅನ್ನುತ್ತೇವಲ್ಲ, ಅದರ ನಡುವೆ ಗಂಟಲು ಒಂದು ಕ್ಷಣ ಮುಚ್ಚಿ ತೆರೆಯುತ್ತದೆ. ಕತ್ತಿನ ಮೇಲೆ ಬೆರಳಿಟ್ಟು ಹೇಳಿಸಿ, ಗೊತ್ತಾಗುತ್ತದೆ. ಆ ತಡೆಯನ್ನೇ 'ವಾಟರ್' ಪದದ 'ಟ' ಜಾಗದಲ್ಲಿಟ್ಟರೆ 'ವೊ-ಅ', 'ಬಾಟಲ್' ಆದರೆ 'ಬೊ-ಒ'. ಐದು ನಿಮಿಷದ ಪಾಠ. ಹೇಳಲು ಬರಬೇಕಿಲ್ಲ, ಕೇಳಿದರೆ ಸಿಗಬೇಕು. ಆದರೆ ಒಮ್ಮೆ ಹೇಳಿದವರಿಗೆ ಬೇಗ ಕೇಳಿಸುತ್ತದೆ.

ಆಮೇಲೆ ಕ್ಲಿಪ್ಪನ್ನು ಕನ್ನಡ ಲಿಪಿಯಲ್ಲಿ ಕೇಳಿದ ಹಾಗೇ ಬರೆಸಿ, ಇಂಗ್ಲಿಷ್ ಕಾಗುಣಿತ ಆಮೇಲೆ. 'ಆರ್ ಯು ಆಲ್‌ರೈಟ್' ಅನ್ನುವುದು 'ಯರೈ' ಆಗಿರುತ್ತದೆ, 'ಸಮ್‌ಥಿಂಗ್' ಯಾರ್ಕ್‌ಶೈರಿನಲ್ಲಿ 'ಸಮಟ್' ಆಗಿರುತ್ತದೆ, 'ಎನಿಥಿಂಗ್' 'ಔಟ್' ಮತ್ತು 'ನಥಿಂಗ್' 'ನೌಟ್' ಆಗಿರುತ್ತವೆ. 'ಫ್ಯಾನ್ಸಿಯಕಪ' ಅಂತ ಬರೆದ ಹುಡುಗಿಯರು ಇದ್ಯಾವ ಕಪ್ಪ ಕಾಣಿಕೆ ಸಾರ್ ಅಂತ ಕೇಳುತ್ತಾರೆ. ಚಹಾ ಕುಡೀತೀರಾ ಅಂತ ಅಷ್ಟೇ. ಪ್ರತಿ ಕ್ಲಿಪ್ಪು ಮೂರರಿಂದ ಆರು ಸೆಕೆಂಡು, ಅದಕ್ಕಿಂತ ಉದ್ದ ಬೇಡ. ನಿಧಾನ ಮಾಡಿ ಕೇಳಿಸಬೇಡಿ. ಟೆಂಪೋ ಇಳಿಸಿದರೆ ನುಂಗಿದ ಅಕ್ಷರ ವಾಪಸ್ ಬರಲ್ಲ, ದನಿ ಮಾತ್ರ ಎಳೆದುಕೊಳ್ಳುತ್ತದೆ. ಅದೇ ವೇಗದಲ್ಲಿ ಐದು ಸಲ, ಮಾರನೆಯ ದಿನ ಮೂರು ಸಲ, ವಾರ ಬಿಟ್ಟು ಒಂದು ಸಲ. ನನ್ನ ಆರಂಭದ ಕ್ಲಿಪ್ಪುಗಳನ್ನು ಒಂದು ಕ್ರಮದಲ್ಲಿ ಜೋಡಿಸಿಟ್ಟಿದ್ದೇನೆ, ಆ ಕ್ರಮವೂ ಇಲ್ಲಿ ಸಿಗುವುದಿಲ್ಲ.

'ಯರೈ' ಬಗ್ಗೆ ಒಂದು ಮಾತು. ಅದು ಆರೋಗ್ಯ ವಿಚಾರಣೆ ಅಲ್ಲ. ನಾವು 'ಊಟ ಆಯ್ತಾ' ಅನ್ನುವ ಹಾಗೆ. ಕಾರಿಡಾರಿನಲ್ಲಿ ಎದುರಾದಾಗ ಬಂದರೆ ಉತ್ತರ 'ಯರೈ' ಅಥವಾ 'ನಾಟ್ ಬ್ಯಾಡ್, ಯು?' ಅಷ್ಟೇ, ಕಾಲು ನಿಲ್ಲಕೂಡದು. ಇದನ್ನು ನಿಜವಾಗಿ ನಡೆದಾಡಿಸಿಯೇ ಕಲಿಸಿ. ಕುರ್ಚಿಯಲ್ಲಿ ಕೂರಿಸಿ ಕಲಿಸಿದರೆ ನಿಂತು ನೆಗಡಿಯ ವರದಿ ಒಪ್ಪಿಸುತ್ತಾರೆ.

ನರ್ಸ್ ಬ್ಯಾಚಿನವರಿಗೆ ಇದು ಹಾಸ್ಯದ ವಿಷಯ ಅಲ್ಲ. 'ಐ ಹ್ಯಾವ್ ನಾಟ್ ಹ್ಯಾಡ್ ಮೈ ಟೀ' ಅಂತ ಲೀಡ್ಸ್ ಕಡೆಯ ಅಜ್ಜ ಹೇಳಿದರೆ ಚಹಾ ತಂದುಕೊಡುವುದಲ್ಲ. ಉತ್ತರ ಇಂಗ್ಲೆಂಡಿನಲ್ಲಿ 'ಟೀ' ಅಂದರೆ ಸಂಜೆಯ ಊಟ, 'ಡಿನ್ನರ್' ಮಧ್ಯಾಹ್ನದ ಊಟ. ಅಜ್ಜ ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಈ ಒಂದು ಪದ ತಪ್ಪಿದರೆ ಶುಗರ್ ಇಳಿದು ಕೂರುತ್ತದೆ. 'ಐ ಹ್ಯಾವ್ ಬೀನ್ ಸಿಕ್' ಅಂದರೆ ಹುಷಾರಿರಲಿಲ್ಲ ಅಂತಲ್ಲ, ವಾಂತಿ ಆಯ್ತು ಅಂತ. ಎಷ್ಟು ಸಲ, ಎಷ್ಟು ಪ್ರಮಾಣ ಅಂತ ಕೇಳಿ ಫ್ಲೂಯಿಡ್ ಬ್ಯಾಲೆನ್ಸ್ ಚಾರ್ಟಿನಲ್ಲಿ (ದೇಹಕ್ಕೆ ಹೋದ, ಹೊರಬಂದ ದ್ರವದ ಲೆಕ್ಕ) ಔಟ್‌ಪುಟ್ ಕಾಲಮ್ಮಿಗೆ ಹಾಕಬೇಕು. 'ಅನ್‌ವೆಲ್' ಅಂತ ನೋಟ್ಸಿಗೆ ಬರೆದು ಕೂತರೆ ಚಾರ್ಟು ಸುಳ್ಳಾಗುತ್ತದೆ. 'ಬಂಗ್ಡ್ ಅಪ್' ಅಂದರೆ ಮೂಗು ಕಟ್ಟಿದೆ ಅಂತಲೂ ಆಗುತ್ತದೆ, ಮಲಬದ್ಧತೆ ಅಂತಲೂ ಆಗುತ್ತದೆ, ಯಾವುದು ಅಂತ ಕೇಳಲೇಬೇಕು. ಹ್ಯಾಂಡ್‌ಓವರಿನಲ್ಲಿ 'ವೆರಿ ಪೂರ್ಲಿ' ಅಂದರೆ ಸ್ವಲ್ಪ ಸುಸ್ತು ಅಲ್ಲ, ಸ್ಥಿತಿ ಗಂಭೀರ.

ಜೋಡಿ ವಿಧಾನ ಹೊಳೆಯುವುದೂ ಇಲ್ಲೇ. 'ಕಮ್ ಓವರ್ ಆಲ್ ಫನ್ನಿ' ಅಂದರೆ 'ಒಂಥರಾ ಆಗ್ತಿದೆ ಸಿಸ್ಟರ್'. ಒಂಥರಾ ಅಂತ ರೋಗಿ ಹೇಳಿದರೆ ಮಂಗಳೂರಿನ ನರ್ಸ್ ಏನು ಮಾಡುತ್ತಾಳೆ? ನಗುವುದಿಲ್ಲ, ಬಿಪಿ ನೋಡುತ್ತಾಳೆ. ಅಲ್ಲೂ ಅದೇ. ಮನೆಯವರು 'ಶಿ ಹ್ಯಾಡ್ ಎ ಫನ್ನಿ ಟರ್ನ್' ಅಂದರೆ ತಲೆ ತಿರುಗಿ ಬಿದ್ದಿರಬಹುದು, ಸಣ್ಣ ಸ್ಟ್ರೋಕ್ ಕೂಡ ಆಗಿರಬಹುದು. 'ಸ್ಪೆಂಡ್ ಎ ಪೆನ್ನಿ' ಅಂದರೆ ಒಂದಕ್ಕೆ, 'ನಂಬರ್ ಟೂ' ಎರಡಕ್ಕೆ. ನಮ್ಮ ಪ್ರೈಮರಿ ಸ್ಕೂಲ್ ಲೆಕ್ಕವೇ ಅಲ್ಲೂ ಇದೆ. 'ವಾಟರ್‌ವರ್ಕ್ಸ್' ಮೂತ್ರದ ತೊಂದರೆ, 'ಡೌನ್ ಬಿಲೋ' ನಮ್ಮ 'ಕೆಳಗಡೆ'. 'ಗಿವಿಂಗ್ ಮಿ ಜಿಪ್' ಅಂದರೆ ಮಂಡಿಯೋ ಸೊಂಟವೋ ಜೀವ ಹಿಂಡುತ್ತಿದೆ ಅಂತ. ಹಳಬರಿಗೆ 'ಮಸ್ಟ್‌ನ್ಟ್ ಗ್ರಂಬಲ್' ಅನ್ನುವ ಚಟ, ಅಂದರೆ ಏನೋ ನಡೀತಿದೆ. ಅದನ್ನು ನಂಬಿ ನೋವಿಲ್ಲ ಅಂತ ಬರೆಯಬೇಡಿ ಅಂತ ಪದೇಪದೇ ಹೇಳುತ್ತೇನೆ. ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳಿದರೆ 'ಏಳು ಇರಬಹುದೇನೋ' ಅಂತ ತಣ್ಣಗೆ ಹೇಳುತ್ತಾರೆ.

ಈ ಕಡಿಮೆ ಮಾಡಿ ಹೇಳುವ ಗುಣ ಸ್ಲ್ಯಾಂಗಿಗಿಂತ ಕಷ್ಟ, ಪದ ಎಲ್ಲ ಗೊತ್ತಿದ್ದರೂ ವಿಷಯ ತಪ್ಪುತ್ತದೆ. ಇದಕ್ಕೆ ಒಂದೇ ಉದಾಹರಣೆ ಸಾಕು. 1982ರ ಜೂನ್ 24ರಂದು ಬ್ರಿಟಿಷ್ ಏರ್‌ವೇಸ್ ಫ್ಲೈಟ್ 9 ಜಾವಾ ಬಳಿ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕಿತು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಹೇಳಿದ್ದು: ನಮಗೊಂದು ಸಣ್ಣ ಸಮಸ್ಯೆ ಇದೆ, ನಾಲ್ಕೂ ಎಂಜಿನ್ ನಿಂತುಹೋಗಿವೆ. ಎಂಜಿನ್ ಮತ್ತೆ ಹತ್ತಿಕೊಂಡವು, ವಿಮಾನ ಜಕಾರ್ತದಲ್ಲಿ ಇಳಿಯಿತು, ಎಲ್ಲರೂ ಬದುಕಿದರು. ಆ 'ಸಣ್ಣ ಸಮಸ್ಯೆ' ನೆನಪಿದ್ದರೆ 'ಎ ಬಿಟ್ ಆಫ್ ಎ ಪ್ರಾಬ್ಲಮ್' ಅಂತ ಮ್ಯಾನೇಜರ್ ಅಂದಾಗ ಊಟಕ್ಕೆ ಏಳುವುದಿಲ್ಲ. 'ನಾಟ್ ಬ್ಯಾಡ್' ಹೊಗಳಿಕೆ. 'ಬ್ರೇವ್ ಡಿಸಿಷನ್' ಅಂದರೆ ತಲೆ ಕೆಟ್ಟಿದೆಯಾ. 'ಐ ಆಮ್ ನಾಟ್ ಬೀಯಿಂಗ್ ಫನ್ನಿ, ಬಟ್' ಅಂತ ಶುರುವಾದರೆ ಮುಂದೆ ಬರುವುದು ಖಂಡಿತ ಬೈಗುಳ. ನಮ್ಮ 'ಬೇಜಾರು ಮಾಡ್ಕೋಬೇಡಿ, ಆದ್ರೆ' ಅನ್ನುವುದರ ತದ್ರೂಪು. 'ಕ್ವೈಟ್ ಗುಡ್' ಅನ್ನುವುದರಲ್ಲಿ ಒತ್ತು 'ಕ್ವೈಟ್' ಮೇಲೆ ಬಿದ್ದರೆ ಪರವಾಗಿಲ್ಲ ಅಷ್ಟೇ, 'ಗುಡ್' ಮೇಲೆ ಬಿದ್ದರೆ ನಿಜವಾಗಿ ಚೆನ್ನಾಗಿದೆ. ಇದನ್ನು ಕ್ಲಿಪ್ ಇಲ್ಲದೆ ಕಲಿಸಲು ಹೋಗಬೇಡಿ.

ಕಾಲ್ ಸೆಂಟರಿನಲ್ಲಿ ದುಡ್ಡಿನ ಲೆಕ್ಕ ನೇರವಾಗಿ ಕಾಣುತ್ತದೆ. ಬ್ರಾಡ್‌ಬ್ಯಾಂಡ್ ಪ್ರೋಸೆಸ್ಸಿನಲ್ಲಿ ಗ್ರಾಹಕ 'ಪ್ಲೇಯಿಂಗ್ ಅಪ್' ಅಂದರೆ ಲೈನು ಬಂದು ಹೋಗಿ ಆಟ ಆಡಿಸುತ್ತಿದೆ, 'ಆನ್ ದ ಬ್ಲಿಂಕ್' ಬಹುಪಾಲು ಅದೇ. 'ಪ್ಯಾಕ್ಡ್ ಅಪ್' ಅಂದರೆ ಪೂರ್ತಿ ಕೈ ಕೊಟ್ಟಿದೆ. ಮೊದಲನೆಯದಕ್ಕೆ ಒಂದು ಟಿಕೆಟ್ (ದೂರಿನ ದಾಖಲೆ) ಕೆಟಗರಿ, ಎರಡನೆಯದಕ್ಕೆ ಇನ್ನೊಂದು. ಅದಲು ಬದಲಾದರೆ ಎಂಜಿನಿಯರ್ ವಿಸಿಟ್ ದಂಡ, ಗ್ರಾಹಕನಿಂದ ಮತ್ತೆ ಕಾಲ್. 'ಹಾಫ್ ಸಿಕ್ಸ್‌ಗೆ ಬನ್ನಿ' ಅಂದರೆ ಆರೂವರೆ. 'ಲವ್ಲಿ' ಅಂದರೆ ಸರಿ, ಮುಂದಕ್ಕೆ ಹೋಗಿ. ಅದಕ್ಕೆ ಥ್ಯಾಂಕ್ಯೂ ಹೇಳಬೇಕಿಲ್ಲ. 'ಯು ಆರ್ ಹ್ಯಾವಿಂಗ್ ಎ ಲಾಫ್' ಅಂತ ಬಂದರೆ ಗ್ರಾಹಕ ನಗುತ್ತಿಲ್ಲ, ಸೂಪರ್‌ವೈಸರಿಗೆ ಕೊಡುವ ಸಮಯ ಬಂತು. ಈ ಬ್ಯಾಚನ್ನು ಒಪ್ಪಿಕೊಳ್ಳಲು ಅವರ ಕ್ವಾಲಿಟಿ ಟೀಮು ಬಹಳ ಸತಾಯಿಸಿತು, ಮೊದಲೆರಡು ಬ್ಯಾಚು ಖರ್ಚಿಗಷ್ಟೇ ಸಾಲುವ ರೇಟಿಗೆ ಮಾಡಿಕೊಟ್ಟೆ. ಅದೇ ನಲವತ್ತು ಕ್ಲಿಪ್ ಟೆಸ್ಟಿನಲ್ಲಿ ಮೂರು ವಾರದ ಕೊನೆಗೆ ಸರಾಸರಿ ಇಪ್ಪತ್ತೆಂಟು ಮೂವತ್ತರ ಆಸುಪಾಸು ಬಂತು. ಆಮೇಲೆ ರೇಟು ನಾನು ಹೇಳಿದ್ದು.

ದುಡ್ಡು ಅಂದಾಗ, ದುಡ್ಡಿನ ಸ್ಲ್ಯಾಂಗನ್ನು ಬೇಗ ಮುಗಿಸಿ. 'ಕ್ವಿಡ್' ಪೌಂಡು, ಹತ್ತಾದರೂ 'ಟೆನ್ ಕ್ವಿಡ್', ಬಹುವಚನ ಇಲ್ಲ. ಫೈವರ್, ಟೆನ್ನರ್ ಗೊತ್ತೇ ಇವೆ. 'ಪೋನಿ' 25, 'ಮಂಕಿ' 500, ಇವೆರಡು ಬೆಟ್ಟಿಂಗ್ ಜನರ ಮಾತು. ಬ್ರಿಟಿಷ್ ಇಂಡಿಯಾದ ಐನೂರು ರೂಪಾಯಿ ನೋಟಿನ ಮೇಲೆ ಕೋತಿಯ ಚಿತ್ರ ಇತ್ತು, ಅದಕ್ಕೇ ಮಂಕಿ ಅಂತ ಒಂದು ಕಥೆ ಓಡುತ್ತದೆ. ಕೋತಿ ಚಿತ್ರದ ನೋಟು ಯಾವತ್ತೂ ಇರಲಿಲ್ಲ, ಕಾಗೆ ಹಾರಿಸುವುದಕ್ಕೆ ಅದೇ ಒಳ್ಳೆಯ ಉದಾಹರಣೆ. ನಿಜವಾಗಿ ಇಲ್ಲಿಂದ ಹೋದವು ಬೇರೆ ಇವೆ. 'ಹ್ಯಾವ್ ಎ ಡೆಕ್ಕೊ' ಹಿಂದಿಯ ದೇಖೋ. 'ಬ್ಲೈಟಿ', ಅಂದರೆ ಬ್ರಿಟನ್, ನಮ್ಮ ವಿಲಾಯಿತಿ. 'ಡೂಲ್ಯಾಲಿ' ನಾಸಿಕ್ ಹತ್ತಿರದ ದೇವಲಾಲಿ. ಹಡಗಿಗೆ ಕಾಯುತ್ತಾ ಅಲ್ಲಿಯ ಕ್ಯಾಂಪಿನಲ್ಲಿ ಕೊಳೆತ ಸಿಪಾಯಿಗಳಿಂದ ತಲೆ ಕೆಟ್ಟವನು ಅನ್ನುವ ಅರ್ಥ ಬಂತು. 'ಪಕ್ಕಾ' ಬಗ್ಗೆ ಎಚ್ಚರ: ಅಲ್ಲಿ ಅದು ಅಸಲಿ, ಒಳ್ಳೆ ಮಾಲು. 'ಐ ವಿಲ್ ಕಮ್ ಪಕ್ಕಾ' ಅಂದರೆ ಯಾರಿಗೂ ಅರ್ಥವಾಗದು.

ರೈಮಿಂಗ್ ಸ್ಲ್ಯಾಂಗ್ ಪಾಠ್ಯದಲ್ಲಿ ಬೇಕಾಗಿಯೇ ಇಲ್ಲ, ಆದರೆ ನನಗೆ ಅದರ ಹುಚ್ಚು. ಲಂಡನ್ನಿನ ಈಸ್ಟ್ ಎಂಡಿನ ಆಟ: ಪದಕ್ಕೆ ಪ್ರಾಸವಾಗುವ ಜೋಡಿಪದ ಹುಡುಕಿ, ಪ್ರಾಸದ ಅರ್ಧವನ್ನೇ ಬಿಟ್ಟುಬಿಡುವುದು. 'ಲುಕ್'ಗೆ 'ಬುಚರ್ಸ್ ಹುಕ್', ಉಳಿಯುವುದು 'ಬುಚರ್ಸ್'. 'ಹೆಡ್'ಗೆ 'ಲೋಫ್ ಆಫ್ ಬ್ರೆಡ್', ಹಾಗಾಗಿ 'ಯೂಸ್ ಯುವರ್ ಲೋಫ್' ಅಂದರೆ ತಲೆ ಓಡಿಸು. 'ಕರಿ'ಗೆ ಬೆಲ್‌ಫಾಸ್ಟ್ ಮೂಲದ ಗಾಯಕಿ ರೂಬಿ ಮರಿ ಹೆಸರು, ಉಳಿಯುವುದು 'ಎ ರೂಬಿ'. ಇದು ತಲೆಗೆ ಹೋಗಬೇಕಾದರೆ ಕನ್ನಡದಲ್ಲಿ ಮಾಡಿಸಬೇಕು ಅಂತ ಒಂದು ಪ್ರಯೋಗ ಮಾಡಿದೆ. ಸಾಲಕ್ಕೆ 'ಹನುಮಂತನ ಬಾಲ', ಬಾಲ ಕತ್ತರಿಸಿದರೆ ಉಳಿಯುವುದು ಹನುಮಂತ: 'ಈ ತಿಂಗಳು ಹನುಮಂತ ತೀರಿಸಬೇಕು'. ಮಳೆಗೆ 'ಗಾಜಿನ ಬಳೆ': 'ಹೊರಗೆ ಗಾಜು ಸುರೀತಿದೆ, ಛತ್ರಿ ತಗೋ'. ಕ್ಲಾಸು ಎರಡು ದಿನ ಇದರಲ್ಲೇ ಮುಳುಗಿತು. ಕೊನೆಗೆ ಹೊರಗಿನವರಿಗೆ ಅರ್ಥವಾಗಬಾರದು ಅನ್ನುವ ಉದ್ದೇಶ ತಾನಾಗಿ ತಿಳಿಯಿತು. ಆದರೂ ಅಲ್ಲಿ ದಿನಬಳಕೆಯಲ್ಲಿ ಕೇಳಿಸುವುದು ಆರೇಳು ಮಾತ್ರ. 'ಆ್ಯಪಲ್ಸ್ ಆ್ಯಂಡ್ ಪೇರ್ಸ್' ಅಂತ ಮೆಟ್ಟಿಲಿಗೆ ಹೇಳುವವರು ಪ್ರವಾಸಿಗಳೇ. ಎರಡು ದಿನ ಕೊಡಬೇಡಿ, ಒಂದು ಗಂಟೆ ಕೊಡಿ.

ಕಾಲೆಳೆಯುವುದಕ್ಕೆ ಉತ್ತರ ಕೊಡುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಸಹೋದ್ಯೋಗಿ ನಿಮ್ಮ ಕಾಲೆಳೆದರೆ ಸಾಮಾನ್ಯವಾಗಿ ಅದು ನಿಮ್ಮನ್ನು ಒಳಗೆ ಸೇರಿಸಿಕೊಂಡ ಲಕ್ಷಣ. ನಮ್ಮವರು ಎರಡು ತಪ್ಪು ದಾರಿ ಹಿಡಿಯುತ್ತಾರೆ: ವಿವರಣೆ ಕೊಡುವುದು, ಅಥವಾ ಅದಕ್ಕಿಂತ ಜೋರಾಗಿ ಬೈಯುವುದು. ಚುಟುಕು ಉತ್ತರ, ದನಿ ಕೆಳಗೆ, ಮುಖ ಸಪ್ಪಗೆ: 'ಚಾರ್ಮಿಂಗ್', 'ಚಿಯರ್ಸ್ ಫಾರ್ ದಟ್', ಉತ್ತರ ಇಂಗ್ಲೆಂಡಿನ ಕಡೆ 'ಗಿವ್ ಓವರ್', ಲಂಡನ್ ಕಡೆ 'ಲೀವ್ ಇಟ್ ಔಟ್', ಎಲ್ಲದರ ಜೋಡಿ 'ಸಾಕು ಬಿಡಪ್ಪ'. ಆಕ್ಸೆಂಟು, ಬಣ್ಣ, ದೇಶ, ಧರ್ಮದ ಮೇಲೆ ಬಂದರೆ ಅದು ಕಾಲೆಳೆಯುವುದಲ್ಲ. ಅಲ್ಲಿಯ 2010ರ ಸಮಾನತೆ ಕಾನೂನು, ಈಕ್ವಾಲಿಟಿ ಆ್ಯಕ್ಟಿನಲ್ಲಿ ಜನಾಂಗ ಅನ್ನುವುದರೊಳಗೆ ಬಣ್ಣ, ರಾಷ್ಟ್ರೀಯತೆ, ಮೂಲ ಎಲ್ಲ ಬರುತ್ತದೆ, 'ಜಸ್ಟ್ ಬ್ಯಾಂಟರ್' (ಬರೀ ತಮಾಷೆ) ಅಂತ ಹೇಳಿ ತಪ್ಪಿಸಿಕೊಳ್ಳಲಾಗದು. ದಿನಾಂಕ, ಸಮಯ, ಆಡಿದ ಮಾತು ಇದ್ದ ಹಾಗೇ, ಹತ್ತಿರ ಯಾರಿದ್ದರು ಅಂತ ಅವತ್ತೇ ಬರೆದಿಡಲು ಹೇಳಿ.

ಕೊನೆಯದು ಊರು. ಯಾವ ಊರಿಗೆ ಹೋಗುತ್ತಿದ್ದಾರೆ ಅಂತ ತಿಳಿದ ಮೇಲೆ ಆ ಊರಿನ ಮೂವತ್ತು ಪದ ಬೇರೆ ಕೊಡುತ್ತೇನೆ. ನಾಟಿಂಗ್‌ಹ್ಯಾಮ್, ಸ್ಟೋಕ್ ಕಡೆ ಗಂಡಸಿಗೂ 'ಡಕ್' ಅನ್ನುತ್ತಾರೆ, ಯಾರ್ಕ್‌ಶೈರಿನಲ್ಲಿ 'ಲವ್', ನ್ಯೂಕ್ಯಾಸಲ್‌ನಲ್ಲಿ 'ಪೆಟ್', ಬರ್ಮಿಂಗ್‌ಹ್ಯಾಮಿನಲ್ಲಿ 'ಬ್ಯಾಬ್', ಬ್ರಿಸ್ಟಲ್ ಕಡೆ 'ಮೈ ಲವರ್', ಗ್ಲಾಸ್ಗೋದಲ್ಲಿ ಹೆಂಗಸರಿಗೆ 'ಹೆನ್'. ಇದರಲ್ಲಿ ಸರಸ ಏನೂ ಇಲ್ಲ, ತರಕಾರಿ ಅಂಗಡಿಯಲ್ಲಿ 'ಅಕ್ಕಾ', 'ತಾಯಿ' ಅನ್ನುವ ಹಾಗೆ. ಹೊಸದಾಗಿ ಹೋದವರು ಕೇಳಿಸಿಕೊಳ್ಳಲಿ, ತಾವು ಬಳಸಲು ಆತುರ ಬೇಡ. ಬನ್ನಿಗೆ ನಾಟಿಂಗ್‌ಹ್ಯಾಮಿನಲ್ಲಿ 'ಕಾಬ್', ಮ್ಯಾಂಚೆಸ್ಟರಿನಲ್ಲಿ 'ಬಾರ್ಮ್', ಕಾವೆಂಟ್ರಿಯಲ್ಲಿ 'ಬ್ಯಾಚ್'. ಕ್ಯಾಂಟೀನಿನಲ್ಲಿ ಇದು ಬರದಿದ್ದರೆ ಉಪವಾಸವೇನೂ ಬೀಳಲ್ಲ, ಬೆರಳು ತೋರಿಸಿದರಾಯಿತು. ವೇಲ್ಸಿನಲ್ಲಿ 'ನೌ ಇನ್ ಎ ಮಿನಿಟ್' ಅಂದರೆ ಈಗಲ್ಲ, ಯಾವಾಗಲೋ. ಕುರ್ಚಿಯಿಂದ ಏಳದೆಯೇ ನಾವು 'ಬಂದೆ ಬಂದೆ' ಅನ್ನುತ್ತೇವಲ್ಲ, ಅದು.

ಈಗ ಗ್ಲಾಸ್ಗೋ ಪಟ್ಟಿ ಕಟ್ಟುತ್ತಿದ್ದೇನೆ. ಅಲ್ಲಿ 'ಮೆಸೇಜಸ್' ಅಂದರೆ ದಿನಸಿ ಸಾಮಾನು, 'ಪೀಸ್' ಅಂದರೆ ಸ್ಯಾಂಡ್‌ವಿಚ್, 'ಔಟ್‌ವಿತ್' ಅಂದರೆ ಹೊರಗೆ, ಇದು ಆಫೀಸಿನ ಪತ್ರದಲ್ಲೂ ಬರುತ್ತದೆ. 'ಹೌ ನೋ?' ಅಂದರೆ ಯಾಕಾಗಲ್ಲ. ಹದಿನೈದು ಪೌಂಡಿಗೆ ಅರ್ಧ ಗಂಟೆ ಗೊಣಗಲು ಒಪ್ಪುವ ಗ್ಲಾಸ್ಗೋದವರು ಇನ್ನೂ ಇಬ್ಬರು ಬೇಕು. ಒಬ್ಬರು ಇಪ್ಪತ್ತೈದು ಕೇಳುತ್ತಿದ್ದಾರೆ, ಚೌಕಾಸಿ ನಡೆದಿದೆ.